ಡಿವಿಸಿ ರೀಸೇಲ್: ಸಹಿ ಹಾಕಿದ ಮೇಲೆ ಪಾಯಿಂಟ್ ಕೈಗೆ ಬರುವವರೆಗೆ

ಡಿಸ್ನಿ ವೆಕೇಶನ್ ಕ್ಲಬ್‌ನ (ಡಿವಿಸಿ) ರೀಸೇಲ್ ಕಾಂಟ್ರಾಕ್ಟ್, ಅಂದರೆ ಡಿಸ್ನಿಯಿಂದಲ್ಲದೆ ಹಳೆಯ ಮಾಲೀಕರಿಂದ ಕಾಂಟ್ರಾಕ್ಟ್, ಕೊಳ್ಳುವವರು ಸಹಿ ಹಾಕುವವರೆಗೂ ಪಾಯಿಂಟಿಗೆ ಎಷ್ಟು ಡಾಲರ್ ಅನ್ನುವುದರಲ್ಲೇ ಮುಳುಗಿರುತ್ತಾರೆ. ಸಹಿ ಬಿದ್ದ ಮರುದಿನದಿಂದ ಪ್ರಶ್ನೆ ಒಂದೇ: ಇನ್ನೂ ಎಷ್ಟು ದಿನ? ಒಟ್ಟು ಲೆಕ್ಕ ಹೇಳಬೇಕೆಂದರೆ ಎರಡರಿಂದ ಮೂರು ತಿಂಗಳು. ಆದರೆ ಈ ಉತ್ತರದಿಂದ ಯಾರಿಗೂ ಪ್ರಯೋಜನವಿಲ್ಲ. ಕಾಯುವುದು ಒಂದೇ ಸಲವಲ್ಲ, ನಾಲ್ಕೈದು ಸಲ. ಪ್ರತಿ ಸಲವೂ ಫೈಲ್ ಬೇರೆ ಬೇರೆಯವರ ಮೇಜಿನ ಮೇಲಿರುತ್ತದೆ. ಯಾರ ಮೇಜಿನ ಮೇಲಿದೆ ಎಂದು ಗೊತ್ತಿದ್ದರೆ ಯಾರಿಗೆ ಫೋನ್ ಮಾಡಬೇಕು, ಯಾವಾಗ ಸುಮ್ಮನಿರಬೇಕು ಎನ್ನುವುದೂ ಗೊತ್ತಾಗುತ್ತದೆ.

ಮೊದಲು ಕೊಳ್ಳುತ್ತಿರುವುದು ಏನು ಎಂಬುದು ಸ್ಪಷ್ಟವಾಗಿರಲಿ. ನಮ್ಮಲ್ಲಿ ಟೈಮ್‌ಶೇರ್ (ರೆಸಾರ್ಟ್ ರೂಮನ್ನು ಹಲವರು ಹಂಚಿಕೊಂಡು ಬಳಸುವ ಏರ್ಪಾಟು) ಅಂದರೆ ಕ್ಲಬ್ ಮಹೀಂದ್ರಾ ನೆನಪಾಗುತ್ತದೆ. ಅದು ಇಷ್ಟು ವರ್ಷಕ್ಕೆಂದು ಕೊಡುವ ಸದಸ್ಯತ್ವ. 1991ರಲ್ಲಿ ಫ್ಲಾರಿಡಾದಲ್ಲಿ ಶುರುವಾದ ಡಿಸ್ನಿಯ ಪದ್ಧತಿ ಹಾಗಲ್ಲ. ಇಲ್ಲಿ ನೀವು ಒಂದು ನಿರ್ದಿಷ್ಟ ರೆಸಾರ್ಟ್‌ನ ಒಂದು ಯೂನಿಟ್‌ನಲ್ಲಿ ಅವಿಭಜಿತ ಪಾಲು ಕೊಳ್ಳುತ್ತೀರಿ. ಆ ಪಾಲಿನ ಲೆಕ್ಕಕ್ಕೆ ಪ್ರತಿ ವರ್ಷ ಪಾಯಿಂಟ್ ಬರುತ್ತದೆ, ರೂಮ್ ಬುಕ್ ಮಾಡುವುದು ಆ ಪಾಯಿಂಟ್ ಕೊಟ್ಟು. ಅದಕ್ಕೆ ಕ್ರಯಪತ್ರ ಇರುತ್ತದೆ, ಅದು ಕೌಂಟಿ ದಾಖಲೆಯಲ್ಲಿ ನೋಂದಣಿಯಾಗುತ್ತದೆ, ಅದಕ್ಕೆ ಮುಗಿಯುವ ದಿನಾಂಕವೂ ಇರುತ್ತದೆ. ಬೋರ್ಡ್‌ವಾಕ್, ಬೀಚ್ ಕ್ಲಬ್, ಬೌಲ್ಡರ್ ರಿಡ್ಜ್ ಮುಂತಾದ ಹಳೆಯ ರೆಸಾರ್ಟ್‌ಗಳದ್ದು 2042ರ ಜನವರಿ 31ಕ್ಕೆ ಮುಗಿಯುತ್ತದೆ. ಹೀಗೆ ಇದು ಜಮೀನು ವ್ಯವಹಾರದ ಜಾತಿಗೆ ಸೇರಿದ್ದರಿಂದಲೇ ಕ್ಲಬ್ ಸದಸ್ಯತ್ವ ಬದಲಿಸಿದಷ್ಟು ಬೇಗ ಆಗುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2019ರ ಜನವರಿ 19ರಿಂದ ಈಚೆಗೆ ರೀಸೇಲ್‌ನಲ್ಲಿ ಕೊಂಡ ಪಾಯಿಂಟ್‌ಗಳಿಗೆ ಬೇಲಿ ಇದೆ. ಮೊದಲ 14 ರೆಸಾರ್ಟ್‌ಗಳ ಪೈಕಿ ಒಂದನ್ನು ಕೊಂಡರೆ ಆ 14ರೊಳಗೆ ಮಾತ್ರ ಬಳಸಬಹುದು. ರಿವಿಯೆರಾದಂಥ ಹೊಸದನ್ನು ರೀಸೇಲ್‌ನಲ್ಲಿ ಕೊಂಡರೆ ಆ ಒಂದು ರೆಸಾರ್ಟ್ ಬಿಟ್ಟು ಬೇರೆಲ್ಲೂ ನಡೆಯುವುದಿಲ್ಲ. ಮೂರು ತಿಂಗಳು ಕಾದು ಆಮೇಲೆ ಇದು ತಿಳಿದರೆ ಏನೂ ಮಾಡಲಾಗದು.

ಡಿಸ್ನಿಯ ಮೇಜು: 30 ದಿನ

ಬೆಲೆ ಕುದುರಿದ ಮೇಲೆ ಬ್ರೋಕರ್ ಕಾಂಟ್ರಾಕ್ಟ್ ಕಳಿಸುತ್ತಾರೆ. ಇಬ್ಬರೂ ಸಹಿ ಹಾಕುತ್ತಾರೆ. ಕೊಳ್ಳುವವರು ಸಾಮಾನ್ಯವಾಗಿ ಬೆಲೆಯ ಶೇ. 10ರಷ್ಟು ಮುಂಗಡವನ್ನು ಟೈಟಲ್ ಕಂಪನಿಯ (ಮಾಲೀಕತ್ವದ ದಾಖಲೆ ಪರಿಶೀಲಿಸಿ ವರ್ಗಾವಣೆ ಮಾಡಿಸುವವರು) ಎಸ್ಕ್ರೋ ಖಾತೆಗೆ, ಅಂದರೆ ವ್ಯವಹಾರ ಮುಗಿಯುವವರೆಗೆ ಹಣ ಹಿಡಿದಿಡುವ ಖಾತೆಗೆ, ಹಾಕುತ್ತಾರೆ. 150 ಪಾಯಿಂಟ್, ಪಾಯಿಂಟಿಗೆ 100 ಡಾಲರ್ ಎಂದುಕೊಂಡರೆ ಬೆಲೆ 15,000, ಮುಂಗಡ 1,500 ಡಾಲರ್. ಇದಾದ ಮೇಲೆ ಕಾಂಟ್ರಾಕ್ಟ್ ಡಿಸ್ನಿಗೆ ಹೋಗುತ್ತದೆ. ಹೊರಗಿನವರಿಗೆ ಮಾರುವ ಮೊದಲು ಅದೇ ಬೆಲೆಗೆ, ಅದೇ ಶರತ್ತಿಗೆ ತಾನೇ ಕೊಳ್ಳುವ ಹಕ್ಕು ಡಿಸ್ನಿಗಿದೆ. ಇದನ್ನೇ ರೈಟ್ ಆಫ್ ಫಸ್ಟ್ ರೆಫ್ಯೂಸಲ್ ಅನ್ನುತ್ತಾರೆ, ಬಾಯಿಮಾತಿನಲ್ಲಿ ರೋಫರ್. ಮ್ಯಾರಿಯಟ್, ಹಿಲ್ಟನ್ ಗ್ರ್ಯಾಂಡ್ ವೆಕೇಶನ್ಸ್‌ನವರಿಗೂ ಇಂಥದೇ ಹಕ್ಕಿದೆ.

ಡಿಸ್ನಿಗೆ ಇರುವ ಗಡುವು 30 ದಿನ. ಈ 30 ನೀವು ಸಹಿ ಹಾಕಿದ ದಿನದಿಂದ ಎಣಿಸುವಂಥದ್ದಲ್ಲ, ಡಿಸ್ನಿಗೆ ಪೂರ್ತಿ ಕಾಗದ ತಲುಪಿದ ದಿನದಿಂದ. ಮಾರುವವರು ಗಂಡ ಹೆಂಡತಿ ಇಬ್ಬರಾಗಿದ್ದು, ಒಬ್ಬರು ಮಾತ್ರ ಸಹಿ ಹಾಕಿ ಇನ್ನೊಬ್ಬರು ಇಮೇಲ್ ನೋಡದೆ ವಾರ ಕಳೆದರೆ ಎಣಿಕೆ ಶುರುವೇ ಆಗಿರುವುದಿಲ್ಲ. ಮುಂಗಡ ಸೇರದಿದ್ದರೂ ಅಷ್ಟೇ. ಆದ್ದರಿಂದ ಬ್ರೋಕರ್‌ಗೆ ಕೇಳಬೇಕಾದ ಪ್ರಶ್ನೆ "ಏನಾಯ್ತು?" ಅಲ್ಲ, "ಡಿಸ್ನಿಗೆ ಯಾವ ತಾರೀಕು ಕಳಿಸಿದಿರಿ?" ಆ ತಾರೀಕನ್ನು ಬರೆದಿಟ್ಟುಕೊಳ್ಳಿ. ಅದಾದ ಮೇಲೆ ದಿನಕ್ಕೆರಡು ಸಲ ಇಮೇಲ್ ಮಾಡಿದರೂ ಒಂದೇ, ಮಾಡದಿದ್ದರೂ ಒಂದೇ. ಈ ಹಂತದಲ್ಲಿ ಬ್ರೋಕರ್ ಕೈಯಲ್ಲಿ ಏನೂ ಇಲ್ಲ. ಡಿಸ್ನಿಯ ಸದಸ್ಯರ ಸೇವೆಗೆ ಫೋನ್ ಮಾಡಿದರೆ ಅವರ ಮುಂದೆ ನಿಮ್ಮ ಹೆಸರೇ ಇರುವುದಿಲ್ಲ.

ಯಾವ ಬೆಲೆಗೆ ಬಿಡುತ್ತಾರೆ, ಯಾವುದನ್ನು ಎತ್ತಿಕೊಳ್ಳುತ್ತಾರೆ ಎಂಬುದಕ್ಕೆ ಡಿಸ್ನಿ ನಿಯಮ ಪ್ರಕಟಿಸಿಲ್ಲ. ಪೇಟೆ ಬೆಲೆಗಿಂತ ತೀರಾ ಕೆಳಗಿರುವುದಕ್ಕೆ ಅಪಾಯ ಹೆಚ್ಚು, ಇದು ಸಹಜ. ತನ್ನ ಕೌಂಟರ್‌ನಲ್ಲಿ ದುಬಾರಿಗೆ ಮಾರಬಹುದಾದ್ದನ್ನು ಅಗ್ಗಕ್ಕೆ ಸಿಕ್ಕಾಗ ಯಾರು ಬಿಡುತ್ತಾರೆ? ಆದರೂ ಅಗ್ಗದ್ದು ದಾಟಿ ಹೋಗುವುದೂ ಉಂಟು, ನ್ಯಾಯವಾದ ಬೆಲೆಯದ್ದನ್ನು ಎತ್ತಿಕೊಳ್ಳುವುದೂ ಉಂಟು. ಆ ಹೊತ್ತಿಗೆ ಯಾವ ರೆಸಾರ್ಟ್‌ನ ಪಾಯಿಂಟ್ ಅವರಿಗೆ ಬೇಕಾಗಿದೆ ಎಂಬುದರ ಮೇಲೆ ಅದು ನಿಂತಿದೆ. ಕುತೂಹಲವಿದ್ದರೆ ಫ್ಲಾರಿಡಾದ ಆರೆಂಜ್ ಕೌಂಟಿ ಕಂಟ್ರೋಲರ್‌ನ ಆನ್‌ಲೈನ್ ದಾಖಲೆಯಲ್ಲಿ ಕೊಂಡವರ ಜಾಗದಲ್ಲಿ ಡಿಸ್ನಿ ವೆಕೇಶನ್ ಡೆವಲಪ್‌ಮೆಂಟ್ ಎಂದು ಹಾಕಿ ಹುಡುಕಿ. ಇತ್ತೀಚೆಗೆ ವಾಪಸ್ ತೆಗೆದುಕೊಂಡ ಪಾಲುಗಳ ಕ್ರಯಪತ್ರಗಳು ಉಚಿತವಾಗಿ ಕಾಣುತ್ತವೆ. ಯಾವ ರೆಸಾರ್ಟ್‌ನ ಮೇಲೆ ಕಣ್ಣಿದೆ ಎಂಬ ಅಂದಾಜಿಗೆ ಅದು ಸಾಕು. ಕ್ರಯಪತ್ರ ನೋಂದಣಿಯಾಗುವುದು ನಿರ್ಧಾರವಾಗಿ ಎಷ್ಟೋ ದಿನದ ಮೇಲೆ, ಹಾಗಾಗಿ ನೀವು ನೋಡುತ್ತಿರುವುದು ಹಳೆಯ ಸುದ್ದಿ ಎಂಬುದು ನೆನಪಿರಲಿ.

ಎತ್ತಿಕೊಂಡರೆ ನಿಮಗೆ ಹಣದ ನಷ್ಟವಿಲ್ಲ. ಮುಂಗಡ ಪೂರ್ತಿ ವಾಪಸ್ ಬರುತ್ತದೆ, ಮಾರುವವರಿಗೆ ಒಪ್ಪಿದ ಬೆಲೆಯೇ ಸಿಗುತ್ತದೆ. ಹೋದದ್ದು ನಿಮ್ಮ ಒಂದು ತಿಂಗಳು. ಅದಕ್ಕೇ ನನ್ನ ಅಭಿಪ್ರಾಯ ಹೀಗೆ: ಮುಂದಿನ ವರ್ಷದ ನಿರ್ದಿಷ್ಟ ವಾರಕ್ಕೆ ರೂಮ್ ಬೇಕೇ ಬೇಕು ಅನ್ನುವವರು ಪಾಯಿಂಟಿಗೆ ಮೂರು ನಾಲ್ಕು ಡಾಲರ್ ಉಳಿಸಲು ರೋಫರ್ ಜೊತೆ ಜೂಜಾಡಬಾರದು. ಅವಸರವಿಲ್ಲದವರು ಧಾರಾಳವಾಗಿ ಕಡಿಮೆಗೆ ಕೇಳಬಹುದು.

ಕಳಿಸುವ ಮೊದಲೇ ಬರೆಸಬೇಕಾದ್ದು

ಎಡವಟ್ಟುಗಳು ಹೆಚ್ಚಾಗಿ ಹುಟ್ಟುವುದು ಇಲ್ಲೇ, ಗೊತ್ತಾಗುವುದು ಎರಡು ತಿಂಗಳ ಮೇಲೆ. ಡಿಸ್ನಿ ಹಕ್ಕು ಬಿಟ್ಟುಕೊಡುವುದು ಆ ಕಾಂಟ್ರಾಕ್ಟ್‌ನಲ್ಲಿ ಬರೆದ ಬೆಲೆಗೆ, ಬರೆದ ಪಾಯಿಂಟ್‌ಗೆ, ಬರೆದ ಶರತ್ತಿಗೆ. ಆಮೇಲೆ ಬೆಲೆ ಇಳಿಸೋಣ, ಡ್ಯೂಸ್ (ರೆಸಾರ್ಟ್‌ನ ವಾರ್ಷಿಕ ನಿರ್ವಹಣಾ ಶುಲ್ಕ) ನೀವೇ ಕಟ್ಟಿ ಅಂತ ಶರತ್ತು ಬದಲಿಸಿದರೆ ಮತ್ತೆ ಡಿಸ್ನಿಗೆ ಕಳಿಸಬೇಕಾಗಬಹುದು, ಮತ್ತೆ 30 ದಿನ. ಆದ್ದರಿಂದ ಬಾಯಿಮಾತಿನಲ್ಲಿ ಒಪ್ಪಿದ್ದೆಲ್ಲ ಮೊದಲೇ ಕಾಗದದ ಮೇಲೆ ಬರಲಿ.

ಅತಿ ಮುಖ್ಯವಾದದ್ದು ಯೂಸ್ ಇಯರ್. ಪ್ರತಿ ಕಾಂಟ್ರಾಕ್ಟ್‌ಗೂ ಒಂದು ತಿಂಗಳು ಗೊತ್ತು ಮಾಡಿರುತ್ತಾರೆ: ಫೆಬ್ರವರಿ, ಮಾರ್ಚ್, ಏಪ್ರಿಲ್, ಜೂನ್, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಅಥವಾ ಡಿಸೆಂಬರ್. ವರ್ಷದ ಪಾಯಿಂಟ್ ಬರುವುದು ಆ ತಿಂಗಳ 1ನೇ ತಾರೀಕು. ಬಳಸದ ಪಾಯಿಂಟನ್ನು ಮುಂದಿನ ವರ್ಷಕ್ಕೆ ದಾಟಿಸಬಹುದು, ಅದಕ್ಕೆ ಬ್ಯಾಂಕ್ ಮಾಡುವುದು ಅನ್ನುತ್ತಾರೆ. ಆದರೆ ಮೊದಲ ಎಂಟು ತಿಂಗಳೊಳಗೆ ಮಾಡಬೇಕು. ಅಕ್ಟೋಬರ್‌ನವರಿಗೆ ಮೇ 31 ಕೊನೆಯ ದಿನ, ಫೆಬ್ರವರಿಯವರಿಗೆ ಸೆಪ್ಟೆಂಬರ್ 30, ಜೂನ್‌ನವರಿಗೆ ಜನವರಿ 31, ಡಿಸೆಂಬರ್‌ನವರಿಗೆ ಜುಲೈ 31.

ಈಗ ಒಂದು ಕಾಂಟ್ರಾಕ್ಟ್ ನೋಡೋಣ. ಅಕ್ಟೋಬರ್ ಯೂಸ್ ಇಯರ್, 2025ರ 150 ಪಾಯಿಂಟ್ ಮುಟ್ಟಿಲ್ಲ. 2026ರ ಮಾರ್ಚ್ 20ಕ್ಕೆ ಸಹಿ ಆಗುತ್ತದೆ. ರೋಫರ್ ದಾಟುವ ಹೊತ್ತಿಗೆ ಏಪ್ರಿಲ್ ಮಧ್ಯ. ಕ್ಲೋಸಿಂಗ್, ಅಂದರೆ ಹಣ ಪೂರ್ತಿ ಸಂದಾಯವಾಗಿ ವ್ಯವಹಾರ ಮುಗಿಯುವುದು, ಮೇ ಮೂರನೇ ವಾರ. ಡಿಸ್ನಿಯ ಖಾತೆಯಲ್ಲಿ ನಿಮ್ಮ ಹೆಸರು ಬರುವುದು ಜೂನ್ ಮೊದಲ ವಾರ. ಮೇ 31 ಮುಗಿದುಹೋಯಿತು. ಆ 150 ಪಾಯಿಂಟನ್ನು ಸೆಪ್ಟೆಂಬರ್ 30ರೊಳಗೆ ಬಳಸಬೇಕು, ಇಲ್ಲವೇ ನೀರಿನಲ್ಲಿ ಹೋಮ. ಜಾಹೀರಾತಿನಲ್ಲಿ ಇದೇ ಕಾಂಟ್ರಾಕ್ಟ್ ಪಾಯಿಂಟ್ ತುಂಬಿದ್ದು ಎಂದು ಮೆರೆಯುತ್ತಿರುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ ಇರುತ್ತದೆ. ಮಾರುವವರು ಗಡುವಿಗೆ ಮೊದಲು ಬ್ಯಾಂಕ್ ಮಾಡಿದ್ದರೆ ಅದೇ ಪಾಯಿಂಟ್ 2027ರ ಸೆಪ್ಟೆಂಬರ್ 30ರವರೆಗೆ ಬದುಕುತ್ತಿತ್ತು. ಕಾಂಟ್ರಾಕ್ಟ್‌ನಲ್ಲಿ ಒಂದು ಸಾಲು ಸಾಕು: ಮಾರುವವರು 2025ರ ಯೂಸ್ ಇಯರ್‌ನ ಎಲ್ಲಾ ಪಾಯಿಂಟ್‌ಗಳನ್ನು ಇಂಥ ತಾರೀಕಿನೊಳಗೆ ಬ್ಯಾಂಕ್ ಮಾಡತಕ್ಕದ್ದು. ನೀವು ಅವರ ಖಾತೆಗೆ ಕೈ ಹಾಕುವಂತಿಲ್ಲ, ಟೈಟಲ್ ಕಂಪನಿಯೂ ಹಾಕುವಂತಿಲ್ಲ. ಅದನ್ನು ಮಾಡಬಲ್ಲವರು ಮಾರುವವರೊಬ್ಬರೇ, ಬರೆಸಿಕೊಳ್ಳದಿದ್ದರೆ ಅವರಿಗೆ ಮಾಡುವ ಅಗತ್ಯವೂ ಇಲ್ಲ. ಒಂದು ಎಚ್ಚರ: ಬ್ಯಾಂಕ್ ಮಾಡಿದ ಮೇಲೆ ಹಿಂದಕ್ಕೆ ತರಲಾಗದು. ಈ ಬೇಸಿಗೆಯಲ್ಲೇ ಹೋಗುವ ಯೋಚನೆ ಇದ್ದರೆ ಎಷ್ಟು ಬ್ಯಾಂಕ್ ಆಗಬೇಕು, ಎಷ್ಟು ಹಾಗೇ ಉಳಿಯಬೇಕು ಎಂದು ಸಂಖ್ಯೆ ಹಾಕಿ ಬರೆಸಿ.

ಡ್ಯೂಸ್ ವಿಷಯ ಚಿಕ್ಕದು, ಜಗಳ ದೊಡ್ಡದು. ಯೂಸ್ ಇಯರ್ ಯಾವ ತಿಂಗಳದ್ದಾದರೂ ಡ್ಯೂಸ್ ಮಾತ್ರ ಕ್ಯಾಲೆಂಡರ್ ವರ್ಷದ ಲೆಕ್ಕ, ಜನವರಿಯಲ್ಲಿ ಕಟ್ಟುವುದು. ರೂಢಿಯ ನ್ಯಾಯ ಏನೆಂದರೆ ಯಾವ ವರ್ಷದ ಪಾಯಿಂಟ್ ಯಾರಿಗೆ ಸಿಗುತ್ತದೋ ಆ ವರ್ಷದ ಡ್ಯೂಸ್ ಅವರದು. ವರ್ಷಾಂತ್ಯದಲ್ಲಿ ಸಹಿ ಹಾಕಿ ಫೆಬ್ರವರಿಯಲ್ಲಿ ಕ್ಲೋಸ್ ಆಗುವ ಕಾಂಟ್ರಾಕ್ಟ್‌ಗಳಲ್ಲಿ, ಜನವರಿಯ ಬಿಲ್ ಮಾರುವವರ ಹೆಸರಿಗೆ ಬಂದಾಗ, ಈ ನ್ಯಾಯ ಇಬ್ಬರಿಗೂ ಬೇರೆ ಬೇರೆಯಾಗಿ ಕಾಣುತ್ತದೆ. ಯಾವ ವರ್ಷದ್ದು ಯಾರದು ಎಂದು ಇಸವಿ ಸಮೇತ ಬರೆಸಿ.

ಇನ್ನು ಹೆಸರು. ಕನ್ನಡದವರು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ನಮ್ಮ ಹೆಸರುಗಳಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಇರುತ್ತದೆ, ಊರಿನ ಹೆಸರಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಒಂದೇ ಹೆಸರಿನ ಪಾಸ್‌ಪೋರ್ಟ್ ಹಿಡಿದು ಹೋದವರ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಸಂಕ್ಷೇಪ) ಬೀಳುತ್ತದೆ, ಅದೇ ಡ್ರೈವಿಂಗ್ ಲೈಸೆನ್ಸ್‌ಗೂ ಹತ್ತುತ್ತದೆ. ಟೈಟಲ್ ಕಂಪನಿಯವರು ನೀವು ಕೊಟ್ಟ ಹೆಸರನ್ನೇ ಕ್ರಯಪತ್ರಕ್ಕೆ ಹಾಕುತ್ತಾರೆ. ಈಗ ಗುರುತಿನ ಚೀಟಿಯಲ್ಲಿ ಹೇಗಿದೆಯೋ ಹಾಗೇ, ಒಂದಕ್ಷರ ಆಚೀಚೆ ಇಲ್ಲದೆ ಕೊಡಿ. ಮುಂದೆ ಪೌರತ್ವ ಸಿಕ್ಕು ಹೆಸರು ಸರಿಪಡಿಸಿಕೊಂಡರೆ, ಮಾರುವಾಗ ಇವರೂ ಅವರೂ ಒಬ್ಬರೇ ಎಂದು ತೋರಿಸುವ ಕಾಗದ ಬೇಕಾಗುತ್ತದೆ. ಹೆಸರು ಬದಲಾದ ಕೋರ್ಟ್ ಅಥವಾ ಪೌರತ್ವದ ಪತ್ರವನ್ನು ಕಾಂಟ್ರಾಕ್ಟ್ ಜೊತೆಗೇ ಇಟ್ಟುಕೊಂಡರೆ ಆಗ ಹುಡುಕುವುದು ತಪ್ಪುತ್ತದೆ.

ಈಗಾಗಲೇ ಒಂದು ಕಾಂಟ್ರಾಕ್ಟ್ ಇದ್ದು ಎರಡನೆಯದು ಕೊಳ್ಳುವವರಿಗೆ ಹೆಸರು ಇನ್ನೂ ಮುಖ್ಯ. ಹೊಸದು ಹಳೆಯ ಸದಸ್ಯತ್ವದೊಳಗೇ ಸೇರಬೇಕಾದರೆ ಎರಡೂ ಕ್ರಯಪತ್ರದ ಹೆಸರುಗಳು ಒಂದೇ ಆಗಿರಬೇಕು, ಯೂಸ್ ಇಯರ್ ಕೂಡ ಒಂದೇ ಆಗಿರಬೇಕು. ಹಳೆಯದರಲ್ಲಿ ಗಂಡ ಹೆಂಡತಿ, ಹೊಸದರಲ್ಲಿ ಗಂಡ ಮಾತ್ರ ಎಂದಾದರೆ ಬೇರೆ ಸದಸ್ಯತ್ವವಾಗುತ್ತದೆ, ಎರಡರ ಪಾಯಿಂಟನ್ನು ಒಂದೇ ಬುಕಿಂಗ್‌ಗೆ ನೇರವಾಗಿ ಕೂಡಿಸಲಾಗದು. ಹಳೆಯ ಕ್ರಯಪತ್ರದ ಪ್ರತಿಯನ್ನು ಟೈಟಲ್ ಕಂಪನಿಗೆ ಕಳಿಸಿ, ಹೀಗೇ ಬರೆಯಿರಿ ಎನ್ನುವುದು ಸುಲಭದ ದಾರಿ. ಮಗ ಸೊಸೆಯನ್ನೋ ಮಗಳನ್ನೋ ಸೇರಿಸುವವರು ಇನ್ನೊಂದು ಗಮನಿಸಬೇಕು. ಫ್ಲಾರಿಡಾದಲ್ಲಿ ಗಂಡ ಹೆಂಡತಿಯಲ್ಲದವರು ಜಂಟಿಯಾಗಿ ಕೊಂಡಾಗ, ಒಬ್ಬರು ಹೋದರೆ ಪಾಲು ಉಳಿದವರಿಗೆ ಸೇರುತ್ತದೆ ಎಂದು ಕ್ರಯಪತ್ರದಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ಸೇರುವುದಿಲ್ಲ. ತೀರಿಹೋದವರ ಪಾಲು ಕೋರ್ಟ್ ದಾರಿ ಹಿಡಿಯುತ್ತದೆ.

ಟೈಟಲ್ ಕಂಪನಿಯ ಮೇಜು

ರೋಫರ್ ದಾಟಿದ ಇಮೇಲ್ ಬಂದ ದಿನ ಸಂಭ್ರಮಪಡುವವರೇ ಜಾಸ್ತಿ. ಅರ್ಧ ದಾರಿ ಆಗಿದೆ ಅಷ್ಟೇ. ಟೈಟಲ್ ಕಂಪನಿ ಈಗ ಎರಡು ಕೆಲಸ ಮಾಡಬೇಕು. ಒಂದು, ಕೌಂಟಿ ದಾಖಲೆ ಜಾಲಾಡಿ ಮಾರುವವರಿಗೇ ಹಕ್ಕಿದೆಯೇ, ಸಾಲದ ಹೊರೆ ಇದೆಯೇ ನೋಡುವುದು. ಇನ್ನೊಂದು, ಡಿಸ್ನಿಯಿಂದ ಎಸ್ಟಾಪೆಲ್ ತರಿಸುವುದು. ಎಸ್ಟಾಪೆಲ್ ಎಂದರೆ ಆ ಕಾಂಟ್ರಾಕ್ಟ್‌ನ ಈಗಿನ ಸ್ಥಿತಿಯನ್ನು ಡಿಸ್ನಿಯೇ ಬರೆದುಕೊಡುವ ಪತ್ರ: ಯಾವ ಯೂಸ್ ಇಯರ್‌ನಲ್ಲಿ ಎಷ್ಟು ಪಾಯಿಂಟ್, ಡ್ಯೂಸ್ ಬಾಕಿ ಎಷ್ಟು, ಡಿಸ್ನಿಯಲ್ಲೇ ಮಾಡಿದ ಸಾಲ ಎಷ್ಟು ಉಳಿದಿದೆ. ಇದು ಬರಲು ವಾರವೋ ಎರಡು ವಾರವೋ ಆಗುತ್ತದೆ.

ಎಸ್ಟಾಪೆಲ್ ಬಂದ ದಿನ ಅದರ ಪ್ರತಿ ಕೇಳಿ ತರಿಸಿಕೊಂಡು, ಕಾಂಟ್ರಾಕ್ಟ್ ಪಕ್ಕದಲ್ಲಿಟ್ಟು ಸಾಲು ಸಾಲು ಹೋಲಿಸಿ. ಮೂರು ಕಡೆ ವ್ಯತ್ಯಾಸ ಬರುತ್ತದೆ. ಮಾರುವವರು ಮಧ್ಯದಲ್ಲಿ ಪಾಯಿಂಟ್ ಬಳಸಿಬಿಟ್ಟಿರುತ್ತಾರೆ, ಇದು ಕಣ್ಣಿಗೆ ಬೀಳುತ್ತದೆ. ಮುಂದಿನ ವರ್ಷದ ಪಾಯಿಂಟನ್ನು ಎರವಲು ತಂದು ಖರ್ಚು ಮಾಡಿರುತ್ತಾರೆ, ಇದು ಮುಂದಿನ ವರ್ಷದ ಸಂಖ್ಯೆ ನೋಡಿದರಷ್ಟೇ ಕಾಣುತ್ತದೆ. ಮೂರನೆಯದು ಒಟ್ಟು ಸಂಖ್ಯೆಯಲ್ಲಿ ಕಾಣುವುದೇ ಇಲ್ಲ: ಹೋಲ್ಡಿಂಗ್ ಪಾಯಿಂಟ್. ಚೆಕ್‌ಇನ್‌ಗೆ 30 ದಿನದೊಳಗೆ ಬುಕಿಂಗ್ ರದ್ದು ಮಾಡಿದರೆ ಆ ಪಾಯಿಂಟ್ ಹೋಲ್ಡಿಂಗ್‌ಗೆ ಬೀಳುತ್ತದೆ. ಅದನ್ನು ಬ್ಯಾಂಕ್ ಮಾಡಲಾಗದು, 60 ದಿನದೊಳಗಿನ ವಾಸ್ತವ್ಯಕ್ಕೆ ಮಾತ್ರ ಬುಕ್ ಮಾಡಬಹುದು. 150ರಲ್ಲಿ 80 ಹೋಲ್ಡಿಂಗ್‌ನಲ್ಲಿದ್ದರೆ ಆ 80ಕ್ಕೆ ನೀವು ಪೂರ್ತಿ ಬೆಲೆ ಕೊಡುವುದು ಯಾಕೆ? ವ್ಯತ್ಯಾಸ ಕಂಡರೆ ಹಣ ಕಳಿಸುವ ಮೊದಲೇ ಬ್ರೋಕರ್‌ಗೂ ಟೈಟಲ್ ಕಂಪನಿಗೂ ಲಿಖಿತವಾಗಿ ತಿಳಿಸಿ. ಹಣ ಹೋದ ಮೇಲೆ ನಿಮ್ಮ ಮಾತಿಗೆ ತೂಕವಿಲ್ಲ.

ಮಾರುವವರು ಆಗಲೇ ಬುಕ್ ಮಾಡಿಟ್ಟ ಪ್ರವಾಸವಿದ್ದರೆ ಅದು ಮುಗಿಯುವವರೆಗೆ ಕ್ಲೋಸಿಂಗ್ ಮುಂದೆ ಹೋಗುತ್ತದೆ. ಜಾಹೀರಾತಿನಲ್ಲಿ ತಡವಾದ ಕ್ಲೋಸಿಂಗ್ ಎಂದು ಹಾಕಿರುತ್ತಾರೆ. ಅವಸರವಿಲ್ಲದವರಿಗೆ ಇಂಥದರಲ್ಲಿ ಬೆಲೆ ಕುದುರಿಸುವ ಅವಕಾಶ ಚೆನ್ನಾಗಿರುತ್ತದೆ.

ಆಮೇಲೆ ಕಾಗದಗಳು. ನಗದು ಕೊಟ್ಟು ಕೊಳ್ಳುವವರಿಗೆ ಸಾಮಾನ್ಯವಾಗಿ ಸಹಿ ಮಾಡಿ ಸ್ಕ್ಯಾನ್ ಮಾಡಿದರೆ ಸಾಕು. ಮಾರುವವರ ಕೆಲಸ ಭಾರ: ಫ್ಲಾರಿಡಾದ ಕ್ರಯಪತ್ರಕ್ಕೆ ಇಬ್ಬರು ಸಾಕ್ಷಿಗಳು ಬೇಕು, ನೋಟರಿ ಬೇಕು. ತಡವಾಗುವುದು ಬಹುತೇಕ ಇಲ್ಲೇ. ಅದರಲ್ಲೂ ಕೆಲವು ಫೈಲ್‌ಗಳು ಹುಟ್ಟಿನಿಂದಲೇ ನಿಧಾನ. ವಿಚ್ಛೇದನವಾಗಿ ಇಬ್ಬರ ಹೆಸರೂ ಉಳಿದಿರುವವು, ಒಬ್ಬರು ತೀರಿಹೋಗಿರುವವು, ಟ್ರಸ್ಟ್ ಹೆಸರಲ್ಲಿರುವವು. ತೀರಿಹೋದವರದ್ದಾದರೆ ಬೇರೆ ರಾಜ್ಯದಲ್ಲಿ ಪ್ರೊಬೇಟ್ (ತೀರಿಹೋದವರ ಆಸ್ತಿ ಇತ್ಯರ್ಥದ ಕೋರ್ಟ್ ಪ್ರಕ್ರಿಯೆ) ಮುಗಿದಿದ್ದರೂ ಫ್ಲಾರಿಡಾದಲ್ಲಿ ಮತ್ತೊಂದು ಪ್ರಕ್ರಿಯೆ ಬೇಕಾಗಬಹುದು, ಅದಕ್ಕೆ ತಿಂಗಳುಗಳು. ಬೆಲೆ ಕೇಳುವ ಮೊದಲೇ "ಕ್ರಯಪತ್ರದಲ್ಲಿ ಎಷ್ಟು ಜನರ ಹೆಸರಿದೆ, ಎಲ್ಲರೂ ಸಹಿಗೆ ಸಿಗುತ್ತಾರಾ?" ಎಂದು ಬ್ರೋಕರ್‌ನ ಕೇಳಿದರೆ ಅರ್ಧ ತಲೆನೋವು ತಪ್ಪುತ್ತದೆ.

ಮಾರುವವರು ಅಮೆರಿಕದ ಹೊರಗಿದ್ದರೆ ನೋಟರಿಗೆ ರಾಯಭಾರ ಕಚೇರಿಯ ಸಮಯ ಹಿಡಿಯಬೇಕು, ಅಲ್ಲಿ ಒಂದು ಮುದ್ರೆಗೆ 50 ಡಾಲರ್. ಇಲ್ಲವೇ ಸ್ಥಳೀಯ ನೋಟರಿ ಜೊತೆಗೆ ಅಪೊಸ್ಟಿಲ್ (ಬೇರೆ ದೇಶದಲ್ಲಿ ಕಾಗದ ಒಪ್ಪುವಂತೆ ಸರ್ಕಾರ ಕೊಡುವ ದೃಢೀಕರಣ). ವಿಡಿಯೊ ಮೂಲಕ ಮಾಡುವ ಆನ್‌ಲೈನ್ ನೋಟರಿಗೆ ಫ್ಲಾರಿಡಾ 2020ರಿಂದ ಒಪ್ಪಿಗೆ ಕೊಟ್ಟಿದೆ, ಟೈಟಲ್ ಕಂಪನಿ ಒಪ್ಪಿದರೆ ಅದು ಬೇಗ.

ಅಮೆರಿಕದಲ್ಲಿ ಹತ್ತು ಹದಿನೈದು ವರ್ಷ ಇದ್ದು ಬೆಂಗಳೂರಿಗೋ ಮೈಸೂರಿಗೋ ವಾಪಸ್ ಬಂದು, ಅಲ್ಲಿಂದ ಡಿವಿಸಿ ಮಾರುವವರಿಗೆ ಇನ್ನೊಂದು ಕೊಕ್ಕೆ ಇದೆ: ಫಿರ್ಪ್ಟಾ. ವಿದೇಶಿ ವ್ಯಕ್ತಿ ಅಮೆರಿಕದ ಸ್ಥಿರಾಸ್ತಿ ಮಾರಿದಾಗ ಮಾರಿದ ಬೆಲೆಯ ಶೇ. 15ನ್ನು ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕು. 15,000 ಡಾಲರ್‌ನ ಕಾಂಟ್ರಾಕ್ಟ್ ಆದರೆ 2,250. ಲಾಭವಾಗಿದೆಯೋ ಇಲ್ಲವೋ ಆಮೇಲಿನ ಲೆಕ್ಕ, ಹೆಚ್ಚು ಹಿಡಿದಿದ್ದರೆ ರಿಟರ್ನ್ ಹಾಕಿ ವಾಪಸ್ ಕೇಳಬೇಕು. ಇಲ್ಲಿ ನೋಡುವುದು ತೆರಿಗೆಯ ದೃಷ್ಟಿಯಲ್ಲಿ ಯಾರು ಎಂಬುದನ್ನು, ಎಲ್ಲಿ ವಾಸ ಎಂಬುದನ್ನಲ್ಲ. ಅಮೆರಿಕದ ಪೌರರು ಜಯನಗರದಲ್ಲೇ ಇದ್ದರೂ ವಿದೇಶಿಯಲ್ಲ. ಗ್ರೀನ್ ಕಾರ್ಡ್ ಒಪ್ಪಿಸಿ ಬಂದವರು, ಎಚ್-1ಬಿ ಮುಗಿಸಿ ಬಂದವರು ಆಗುತ್ತಾರೆ. ಕೊಳ್ಳುವವರೂ ಇದನ್ನು ತಮ್ಮದಲ್ಲ ಎಂದುಕೊಳ್ಳಬಾರದು: ಹಿಡಿಯುವ ಹೊಣೆ ಕಾನೂನಿನ ಪ್ರಕಾರ ಕೊಳ್ಳುವವರದೇ. ಮಾರುವವರು ತಾವು ವಿದೇಶಿಯಲ್ಲ ಎಂದು ಬರೆದ ಅಫಿಡವಿಟ್ ಕ್ಲೋಸಿಂಗ್ ಕಾಗದಗಳಲ್ಲಿ ಇದೆಯೇ ಎಂದು ನೋಡಿಕೊಳ್ಳಿ.

ಹಣ ಕಳಿಸುವುದು

ಕ್ಲೋಸಿಂಗ್ ಲೆಕ್ಕಪಟ್ಟಿಯಲ್ಲಿ ಬೆಲೆಯ ಬಾಕಿ, ಡ್ಯೂಸ್ ಹೊಂದಾಣಿಕೆ, ಟೈಟಲ್ ಕಂಪನಿಯ ಶುಲ್ಕ, ಟೈಟಲ್ ವಿಮೆ, ನೋಂದಣಿ ಶುಲ್ಕ, ಮುದ್ರಾಂಕ ತೆರಿಗೆ ಇರುತ್ತವೆ. ಫ್ಲಾರಿಡಾದಲ್ಲಿ ಕ್ರಯಪತ್ರದ ಮುದ್ರಾಂಕ ಪ್ರತಿ 100 ಡಾಲರ್‌ಗೆ 70 ಸೆಂಟ್, ಅಂದರೆ 15,000ಕ್ಕೆ 105 ಡಾಲರ್. ನೋಂದಣಿ ಮೊದಲ ಪುಟಕ್ಕೆ 10, ಆಮೇಲಿನ ಪ್ರತಿ ಪುಟಕ್ಕೆ 8.50. ಇವೆರಡನ್ನು ನೀವೇ ಗುಣಿಸಿ ನೋಡಬಹುದು. ಉಳಿದವು ಕಂಪನಿಯಿಂದ ಕಂಪನಿಗೆ ಬೇರೆ, ಮೊದಲೇ ಅಂದಾಜು ಕೇಳಿ.

ವೈರ್ (ಬ್ಯಾಂಕ್‌ನಿಂದ ಬ್ಯಾಂಕ್‌ಗೆ ನೇರ ಹಣ ವರ್ಗಾವಣೆ) ಕಳಿಸುವಾಗ ಎರಡು ಅಪಾಯ. ಮೊದಲನೆಯದು ಮೋಸ. ಕ್ಲೋಸಿಂಗ್ ಹತ್ತಿರ ಬಂದಾಗ ಟೈಟಲ್ ಕಂಪನಿಯದೇ ಎಂಬಂತೆ ಕಾಣುವ ಇಮೇಲ್ ಬರುತ್ತದೆ: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇಲ್ಲಿಗೆ ಕಳಿಸಿ. ಆ ಇಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ, ಕಾಂಟ್ರಾಕ್ಟ್‌ನಲ್ಲಿ ಮೊದಲ ದಿನ ಬಂದ ನಂಬರಿಗೆ ಮಾಡಿ ಖಾತೆಯ ಅಂಕಿಗಳನ್ನು ಒಂದೊಂದಾಗಿ ಓದಿಸಿಕೊಳ್ಳಿ. ವೈರ್ ಹೋದರೆ ಸಾಮಾನ್ಯವಾಗಿ ಹೋದಂತೆಯೇ. ಎರಡನೆಯದು ಚಿಲ್ಲರೆ ವಿಷಯ, ಆದರೆ ಭಾರತದಿಂದಲೋ ಗಲ್ಫ್‌ನಿಂದಲೋ ಕಳಿಸುವವರಿಗೆ ತಪ್ಪದೆ ಕಾಡುತ್ತದೆ. ಮಧ್ಯದ ಬ್ಯಾಂಕ್ ತನ್ನ ಶುಲ್ಕವನ್ನು ಕಳಿಸಿದ ಹಣದಲ್ಲೇ ಮುರಿದುಕೊಳ್ಳುತ್ತದೆ. ಟೈಟಲ್ ಕಂಪನಿಗೆ 25 ಡಾಲರ್ ಕಡಿಮೆ ಸೇರುತ್ತದೆ, ಲೆಕ್ಕ ಸರಿಹೋಗುವವರೆಗೆ ಕ್ಲೋಸಿಂಗ್ ನಿಲ್ಲುತ್ತದೆ. ಎಲ್ಲಾ ಶುಲ್ಕ ಕಳಿಸುವವರದೇ ಎಂಬ ಆಯ್ಕೆಯನ್ನು ಬ್ಯಾಂಕ್ ಫಾರಂನಲ್ಲಿ ಗುರುತು ಮಾಡಿ. ಭಾರತದಲ್ಲಿ ನೆಲೆಸಿದವರು ಕೊಳ್ಳುವುದಾದರೆ ಹಣ ಹೋಗುವುದು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸುವ ಯೋಜನೆ) ಮಿತಿಯಡಿ, ಒಬ್ಬರಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರ್. ಬ್ಯಾಂಕ್‌ನವರು ಕಾಂಟ್ರಾಕ್ಟ್ ಪ್ರತಿ ಕೇಳುತ್ತಾರೆ, ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ನೋಂದಣಿ ಆಯಿತು, ಪಾಯಿಂಟ್ ಎಲ್ಲಿ?

ಊರಲ್ಲಿ ಸೈಟ್ ಕೊಂಡವರಿಗೆ ಈ ಹಂತ ಹೇಳಿಕೊಡಬೇಕಾಗಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದರೆ ಮಾಲೀಕರಾದಿರಿ, ಆದರೆ ಖಾತೆ ಇನ್ನೂ ಹಳಬರ ಹೆಸರಲ್ಲೇ. ಇಲ್ಲೂ ಅದೇ. ಟೈಟಲ್ ಕಂಪನಿ ಕ್ರಯಪತ್ರವನ್ನು ಕೌಂಟಿಗೆ ಕಳಿಸುತ್ತದೆ. ಆರ್ಲ್ಯಾಂಡೊದ ಡಿಸ್ನಿ ವರ್ಲ್ಡ್ ರೆಸಾರ್ಟ್‌ಗಳಿಗೆ ಅದು ಫ್ಲಾರಿಡಾದ ಆರೆಂಜ್ ಕೌಂಟಿ, ವೀರೊ ಬೀಚ್‌ಗೆ ಇಂಡಿಯನ್ ರಿವರ್ ಕೌಂಟಿ, ಹಿಲ್ಟನ್ ಹೆಡ್‌ಗೆ ದಕ್ಷಿಣ ಕ್ಯಾರೊಲೈನಾದ ಬ್ಯೂಫರ್ಟ್ ಕೌಂಟಿ, ಕ್ಯಾಲಿಫೋರ್ನಿಯಾದವಕ್ಕೆ ಅಲ್ಲಿಯ ಆರೆಂಜ್ ಕೌಂಟಿ, ಔಲಾನಿಗೆ ಹವಾಯಿ ರಾಜ್ಯದ ಬ್ಯೂರೊ ಆಫ್ ಕನ್ವೆಯನ್ಸಸ್. ಫ್ಲಾರಿಡಾದಲ್ಲಿ ಈಗ ಎಲೆಕ್ಟ್ರಾನಿಕ್ ಆಗಿ ಸಲ್ಲಿಸುವುದರಿಂದ ಇದಕ್ಕೆ ಹೆಚ್ಚು ದಿನ ಹಿಡಿಯುವುದಿಲ್ಲ. ಆರೆಂಜ್ ಕೌಂಟಿ ದಾಖಲೆಯಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿದರೆ ಕ್ರಯಪತ್ರ ಸಿಗುತ್ತದೆ. ಸಿಕ್ಕಿದ ದಿನವೇ ಹೆಸರಿನ ಅಕ್ಷರ, ಪಾಯಿಂಟ್, ಯೂನಿಟ್ ಸಂಖ್ಯೆ ಪರೀಕ್ಷಿಸಿ. ತಪ್ಪಿದ್ದರೆ ತಿದ್ದುಪಡಿ ಪತ್ರ ಮತ್ತೆ ನೋಂದಣಿಯಾಗಬೇಕು, ಡಿಸ್ನಿಗೆ ಹೋಗುವ ಮುಂಚೆಯೇ ಹಿಡಿದರೆ ಒಂದು ಸುತ್ತು ಉಳಿಯುತ್ತದೆ.

ನೋಂದಣಿಯಾದ ಪ್ರತಿ ಡಿಸ್ನಿಯ ಸದಸ್ಯತ್ವ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಒಂದರಿಂದ ಮೂರು ವಾರ. ಈ ಹಂತದಲ್ಲಿ ಕೇಳಬೇಕಾದ ಪ್ರಶ್ನೆ ಮತ್ತೆ ತಾರೀಕಿನದೇ: ನೋಂದಣಿ ಪ್ರತಿಯನ್ನು ಡಿಸ್ನಿಗೆ ಎಂದು ಕಳಿಸಿದಿರಿ? ಟೈಟಲ್ ಕಂಪನಿಯವರು ಕ್ಲೋಸಿಂಗ್ ಮುಗಿದದ್ದೇ ಕೈ ತೊಳೆದುಕೊಂಡು ಪ್ರತಿ ಕಳಿಸುವುದನ್ನು ಮರೆತಿರುವುದುಂಟು. ಎರಡು ವಾರವಾದರೂ ಸುದ್ದಿ ಇಲ್ಲದಿದ್ದರೆ ಫೋನ್ ಮಾಡಲು ಸಂಕೋಚ ಬೇಡ. ಈ ಸಲ ಫೋನ್ ಮಾಡುವುದಕ್ಕೆ ಅರ್ಥವಿದೆ, ದಾಖಲೆಯಲ್ಲಿ ನಿಮ್ಮ ಹೆಸರಿದೆ.

ಕಾಯುವ ಈ ಕಾಲದಲ್ಲಿ ಬುಕಿಂಗ್ ಕಿಟಕಿ ಮಾತ್ರ ಕಾಯುವುದಿಲ್ಲ. ಸ್ವಂತ ರೆಸಾರ್ಟ್‌ಗೆ 11 ತಿಂಗಳ ಮುಂಚೆ, ಉಳಿದವಕ್ಕೆ 7 ತಿಂಗಳ ಮುಂಚೆ ಬುಕಿಂಗ್ ತೆರೆಯುತ್ತದೆ. ಡಿಸೆಂಬರ್ 24ಕ್ಕೆ ಹೋಗಬೇಕೆಂದರೆ ಜನವರಿ 24ಕ್ಕೆ ಕೈಯಲ್ಲಿ ಪಾಯಿಂಟ್ ಇರಬೇಕು. ಡಿಸೆಂಬರ್ ಮೊದಲ ವಾರ ಸಹಿ ಹಾಕಿದವರಿಗೆ ಅದು ಸಿಗುವ ಸಂಭವ ಕಡಿಮೆ, ಫೆಬ್ರವರಿ ಕೊನೆ ಎಂದುಕೊಳ್ಳಿ. ಮೇ 24ರವರೆಗೆ ಆ ರೆಸಾರ್ಟ್‌ನ ಮಾಲೀಕರ ನಡುವೆ ಮಾತ್ರ ಪೈಪೋಟಿ, ಆಮೇಲೆ ಎಲ್ಲರಿಗೂ ಬಾಗಿಲು ತೆರೆಯುತ್ತದೆ. ಊರಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬರುತ್ತಾರೆ, ಎಲ್ಲರಿಗೂ ಎರಡು ಬೆಡ್‌ರೂಮ್ ಬೇಕು ಅನ್ನುವವರು ಅವರ ಟಿಕೆಟ್ ತೆಗೆಸುವುದಕ್ಕಿಂತ ಬಹಳ ಮುಂಚೆ ಕಾಂಟ್ರಾಕ್ಟ್ ಹಿಡಿಯಬೇಕು. ಮಾರುವವರ ಖಾತೆಯಿಂದಲೇ ಈಗ ಬುಕ್ ಮಾಡಿಸಿಕೊಳ್ಳೋಣ ಎಂಬ ಜಾಣತನ ಬೇಡ. ಆ ಬುಕಿಂಗ್ ಅವರ ಸದಸ್ಯತ್ವದ್ದು. ಪಾಯಿಂಟ್ ಖರ್ಚಾದಂತೆ ಎಸ್ಟಾಪೆಲ್‌ನಲ್ಲಿ ಕಾಣುತ್ತದೆ, ಕ್ಲೋಸಿಂಗ್ ಸಿಕ್ಕಿಕೊಳ್ಳುತ್ತದೆ.

ಹೊಸಬರಿಗೆ ಸದಸ್ಯತ್ವ ಸಂಖ್ಯೆ ಇಮೇಲ್‌ನಲ್ಲಿ ಬರುತ್ತದೆ, ಆನ್‌ಲೈನ್ ಖಾತೆ ತೆರೆಯಲು ಕೋಡ್ ಬೇಕು. ಕೋಡ್ ಬಾರದಿದ್ದರೆ ಸದಸ್ಯರ ಸೇವೆಗೆ ಫೋನ್ ಮಾಡಿ ಪಡೆಯಬಹುದು. ಸಂಖ್ಯೆ ಬಂದ ದಿನ ಪಾಯಿಂಟ್ ಸೊನ್ನೆ ತೋರಿಸಿದರೆ ಗಾಬರಿ ಬೇಡ, ಕೆಲವು ದಿನ ತಡವಾಗಿ ತುಂಬುತ್ತಾರೆ. ಹಳೆಯ ಸದಸ್ಯರಿಗೆ ಇಮೇಲ್ ಬರಲೇಬೇಕೆಂದಿಲ್ಲ. ಒಂದು ಬೆಳಿಗ್ಗೆ ಲಾಗಿನ್ ಆದಾಗ ಹಳೆಯ ಕಾಂಟ್ರಾಕ್ಟ್ ಕೆಳಗೆ ಹೊಸದೂ ಕುಳಿತಿರುತ್ತದೆ, ಹಾಗಾಗಿ ಆ ಪುಟವನ್ನು ಆಗಾಗ ತೆರೆದು ನೋಡುತ್ತಿರಿ. ಪಾಯಿಂಟ್ ಬಂದ ಮೇಲೆ ಎಸ್ಟಾಪೆಲ್ ಇಟ್ಟುಕೊಂಡು ಪ್ರತಿ ಯೂಸ್ ಇಯರ್‌ನ ಸಂಖ್ಯೆ ತಾಳೆ ನೋಡಿ. ಹಾಗೇ ಡ್ಯೂಸ್ ಪುಟಕ್ಕೆ ಹೋಗಿ ಈ ವರ್ಷದ್ದು ಪೂರ್ತಿ ಸಂದಾಯವಾಗಿದೆಯೇ ನೋಡಿ. ಮಾರುವವರು ತಿಂಗಳ ಕಂತಿನಲ್ಲಿ ಕಟ್ಟುತ್ತಿದ್ದರೆ ಅವರ ಬ್ಯಾಂಕಿನಿಂದ ಹಣ ಹೋಗುವುದು ನಿಂತಿರುತ್ತದೆ, ನಿಮ್ಮ ಬ್ಯಾಂಕಿನಿಂದ ಶುರುವಾಗಿರುವುದಿಲ್ಲ. ಆ ಬಾಕಿ ನಿಂತರೆ ಪಾಯಿಂಟ್ ಇದ್ದೂ ಬುಕಿಂಗ್ ಆಗುವುದಿಲ್ಲ.